ಅಕ್ಕನಿಗೆ ಕಾಗದ: ಆ ಗೊಂಬೆಗಳನ್ನು ವಾಪಸ್ ತರಿಸು

ಪ್ರೀತಿಯ ಅಕ್ಕ,

ಮನೆಯಲ್ಲಿ ಎಲ್ಲರಿಗೂ ನಮಸ್ಕಾರ. ನಾವಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಕಡಿಮೆಯಾಗಿದೆ ಎಂದು ಭಾವ ಹೇಳಿದರು, ಸಮಾಧಾನವಾಯಿತು.

ನಿನ್ನ ಕಾಗದ ಓದಿದಾಗಿನಿಂದ ಬೇರೆ ಯೋಚನೆಯೇ ಇಲ್ಲ. ನೀನು ಹೊಲಿದು ಮಾರಿದ ಬಟ್ಟೆಗೊಂಬೆಯ ಕಣ್ಣಿನ ಗುಂಡಿ ಕಿತ್ತು ಮಗುವಿನ ಬಾಯಿಗೆ ಹೋಯಿತು, ತಾಯಿ ಕೂಡಲೇ ನೋಡಿ ತೆಗೆದರು, ಮಗುವಿಗೆ ಏನೂ ಆಗಲಿಲ್ಲ. ದೇವರು ಕಾಪಾಡಿದ. "ಉಳಿದವರಿಗೆ ಹೇಳಲೋ ಬೇಡವೋ" ಎಂದು ಕೇಳಿದ್ದೀಯ. ಹೇಳಲೇಬೇಕು, ಅಕ್ಕ. ಹೆಸರು ಕೆಡುತ್ತದೆ ಎನ್ನುವ ಭಾವನ ಭಯ ನನಗೂ ಅರ್ಥವಾಗುತ್ತದೆ. ಆದರೆ ನಾಳೆ ಇನ್ನೊಂದು ಮಗುವಿಗೆ ಹೀಗೇ ಆದರೆ, ನಿಮಗೆ ಮೊದಲೇ ಗೊತ್ತಿತ್ತು ಎನ್ನುವುದೂ ಹೊರಗೆ ಬರುತ್ತದೆ. ಆಗ ಯಾರ ಮುಖ ನೋಡುವುದು?

ಮೊದಲು ಮಾರಾಟ ನಿಲ್ಲಿಸು. ಅಂಗಡಿಯವರ ಹತ್ತಿರ ಇರುವುದನ್ನೂ ಇವತ್ತೇ ತೆಗೆದಿಡಲು ಹೇಳು. ಆಮೇಲೆ ಅದೇ ಗುಂಡಿ, ಅದೇ ದಾರದ ಗೊಂಬೆಗಳು ಎಲ್ಲೆಲ್ಲಿ ಹೋಗಿವೆ ಹುಡುಕು. ಲೆಕ್ಕ ಬರೆದಿಟ್ಟಿಲ್ಲ ಎಂದು ಅಳಬೇಡ. ಫೋನಿನಲ್ಲಿ ಹಣ ಬಂದ ದಾಖಲೆ ಇದೆ, ಕೊರಿಯರ್ ರಸೀದಿ ಇದೆ, ವಾಟ್ಸಾಪ್ ಆರ್ಡರ್‌ಗಳಿವೆ. ಮುಕ್ಕಾಲು ಪಾಲು ಜನ ಅಲ್ಲೇ ಸಿಗುತ್ತಾರೆ.

ಇಲ್ಲಿ ಅಮೆರಿಕದಲ್ಲಿ ನಮ್ಮ ಪಕ್ಕದ ಮನೆಯಾಕೆಯೂ ಬಟ್ಟೆಗೊಂಬೆ ಹೊಲಿದು ಮಾರುತ್ತಾರೆ. ಪ್ರತಿ ಗೊಂಬೆಯ ಪಕ್ಕದ ಹೊಲಿಗೆಯಲ್ಲಿ ಬೆರಳಗಲದ ಒಂದು ಪಟ್ಟಿ ಸೇರಿಸಿರುತ್ತಾರೆ. ಅದರಲ್ಲಿ ಅವರ ಹೆಸರು, ಊರು, ತಯಾರಿಸಿದ ತಿಂಗಳು, ಬ್ಯಾಚ್ ನಂಬರ್. 2007ರಲ್ಲಿ ಬಣ್ಣದಲ್ಲಿ ಸೀಸ ಇದ್ದ ಆಟಿಕೆಗಳನ್ನು ಲಕ್ಷಗಟ್ಟಲೆ ವಾಪಸ್ ತರಿಸಬೇಕಾಗಿ ಬಂತು. ಮರುವರ್ಷ ಬಂದ ಕಾನೂನು ಈ ಪಟ್ಟಿಯನ್ನು ಮನೆಯಲ್ಲಿ ಕೂತು ಹೊಲಿಯುವವರಿಗೂ ಕಡ್ಡಾಯ ಮಾಡಿತು. ಅವರ ಮೇಜಿನ ಮೇಲೆ ಒಂದೂಕಾಲು ಇಂಚು ಅಗಲದ ಪುಟ್ಟ ಕೊಳವೆಯೂ ಇದೆ, ತಳ ಓರೆ. ಮೂರು ವರ್ಷದೊಳಗಿನ ಮಕ್ಕಳ ಗಂಟಲಿನ ಅಳತೆಗೆಂದು ಮಾಡಿದ್ದು. ಗೊಂಬೆಯಿಂದ ಕಿತ್ತು ಬಂದ ಚೂರು ಅದರೊಳಗೆ ಪೂರ್ತಿ ಹಿಡಿಸಿದರೆ ಆ ಗೊಂಬೆಯನ್ನು ಅಷ್ಟು ಚಿಕ್ಕ ಮಕ್ಕಳಿಗೆ ಮಾರುವ ಹಾಗಿಲ್ಲ. ಅಪಾಯ ಇದೆ ಎಂದು ಗೊತ್ತಾದರೆ 24 ಗಂಟೆಯೊಳಗೆ ಸರ್ಕಾರಕ್ಕೂ ತಿಳಿಸಬೇಕು. ಅತಿಯಾಯಿತು ಎಂದು ಭಾವ ಅನ್ನಬಹುದು. ನನಗೆ ಮಾತ್ರ ಈ ಕಟ್ಟುನಿಟ್ಟು ಬಹಳ ಹಿಡಿಸಿದೆ.

ನೋಂದಾಯಿತ ಕುಶಲಕರ್ಮಿಗಳ ಆಟಿಕೆಗೆ ಐಎಸ್‌ಐ ಮುದ್ರೆ ಬೇಡ ಎಂಬ ವಿನಾಯಿತಿ ನಮ್ಮಲ್ಲಿದೆ, ನಿಜ. ಅದನ್ನೇ ನಂಬಿಕೊಂಡು ಕೂರಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷದ ವಸ್ತುವಿನಿಂದಾದ ಹಾನಿಗೆ ತಯಾರಿಸಿದವರೇ ಹೊಣೆ.

ಕೊಂಡವರಿಗೆ ಬರೆಯುವಾಗ ಸುತ್ತಿ ಬಳಸಿ ಬರೆಯಬೇಡ. ಗೊಂಬೆಯ ಫೋಟೋ ಹಾಕು. "ಕಣ್ಣಿನ ಗುಂಡಿ ಕಿತ್ತು ಬರಬಹುದು, ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಇದೆ, ಈಗಲೇ ಗೊಂಬೆಯನ್ನು ಮಗುವಿನಿಂದ ದೂರ ಇಡಿ" ಎಂದು ಮೊದಲ ಸಾಲಲ್ಲೇ ಇರಲಿ. ದುಡ್ಡು ವಾಪಸ್ಸೋ ಬದಲಿ ಗೊಂಬೆಯೋ, ಯಾರಿಗೆ ಫೋನ್ ಮಾಡಬೇಕು, ಅದನ್ನೂ ಹೇಳು. ದೂರದವರು ಗೊಂಬೆ ಕಳಿಸಬೇಕಿಲ್ಲ, ಗುಂಡಿ ಕತ್ತರಿಸಿದ ಫೋಟೋ ಸಾಕು. ಕೊರಿಯರ್ ಖರ್ಚು ಉಳಿಯುತ್ತದೆ. ವಾಪಸ್ ಬಂದದ್ದು ಹೊಸ ಗೊಂಬೆಗಳ ಜೊತೆ ಸೇರಲೇಬಾರದು. ಉತ್ತರ ಕೊಡದವರಿಗೆ ಮತ್ತೆ ಫೋನ್ ಮಾಡು.

ಮುಂದಕ್ಕೆ ಒಂದು ನೋಟ್‌ಬುಕ್ ಇಡು. ಪ್ರತಿ ಬ್ಯಾಚಿಗೆ ಬಟ್ಟೆ, ದಾರ, ಗುಂಡಿ ಎಲ್ಲಿಂದ ಬಂತು, ಯಾರು ಹೊಲಿದರು, ಯಾರಿಗೆ ಹೋಯಿತು, ಅಷ್ಟು ಬರೆದರೆ ಸಾಕು. ಬ್ಯಾಚ್ ಚಿಕ್ಕದಿದ್ದಷ್ಟೂ ವಾಪಸ್ ತರಿಸುವ ಹೊರೆ ಚಿಕ್ಕದು. ಪ್ರತಿ ಬ್ಯಾಚಿನಿಂದ ಒಂದು ಗೊಂಬೆಯನ್ನು ಮಾದರಿಗೆ ಉಳಿಸಿಕೋ. ಮಧ್ಯೆ ಯಾವಾಗಲಾದರೂ ಒಂದು ಬ್ಯಾಚ್ ನಂಬರ್ ಆರಿಸಿ, ಕೊಂಡವರೆಲ್ಲರ ಹೆಸರು ಎಷ್ಟು ಹೊತ್ತಿನಲ್ಲಿ ಸಿಗುತ್ತದೆ ನೋಡು. ಪಕ್ಕದ ಮನೆಯಾಕೆ ಹಾಗೆ ಮಾಡುವುದನ್ನು ನಾನೇ ನೋಡಿದ್ದೇನೆ. ಪ್ರತಿ ಮಾರಾಟದಲ್ಲಿ ಸ್ವಲ್ಪ ಹಣವನ್ನೂ ವಾಪಸ್ ತರಿಸುವ ಖರ್ಚಿಗೆಂದೇ ತೆಗೆದಿಡು. ಚಿಕ್ಕ ಮಕ್ಕಳ ಗೊಂಬೆಗೆ ಗುಂಡಿಯೇ ಬೇಡ, ಕಣ್ಣನ್ನು ದಾರದಲ್ಲೇ ಕಸೂತಿ ಹಾಕು. ದೊಡ್ಡ ಮಕ್ಕಳ ಗೊಂಬೆಗೆ ಗುಂಡಿ ಹಾಕುವುದಾದರೆ, ನಾನು ತಂದಿಟ್ಟ ಸೂಟ್‌ಕೇಸ್ ತೂಗುವ ಕೊಕ್ಕೆ ಇದೆಯಲ್ಲ, ಅದನ್ನು ಗುಂಡಿಗೆ ಸಿಕ್ಕಿಸಿ 7 ಕೆ.ಜಿ. ತೋರಿಸುವವರೆಗೆ ಎಳೆದು 10 ಸೆಕೆಂಡ್ ಹಿಡಿ. ಇಲ್ಲಿನ ಪರೀಕ್ಷೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಎಳೆಯುತ್ತಾರೆ. ಪ್ರಮಾಣಪತ್ರಕ್ಕೆ ಅದು ಸಾಲದು, ಆದರೂ ಸಡಿಲ ಹೊಲಿಗೆ ಅಲ್ಲೇ ಗೊತ್ತಾಗುತ್ತದೆ.

ದುಡ್ಡಿನ ಚಿಂತೆ ಖಂಡಿತ ಬೇಡ, ನಾನು ಕಳಿಸುತ್ತೇನೆ. ನಮಗೆ ತೊಂದರೆಯೇ ಇಲ್ಲ, ನಿಜವಾಗಿಯೂ ಇಲ್ಲ. ನಿನ್ನ ಕೆಲಸಕ್ಕೆ ಏನೂ ಆಗುವುದಿಲ್ಲ. ಮಗು ಚೆನ್ನಾಗಿದೆ, ಅದೇ ದೊಡ್ಡದು. ಅಮ್ಮನಿಗೆ ಇದನ್ನೆಲ್ಲ ಹೇಳಿ ಗಾಬರಿ ಮಾಡಬೇಡ.

ಮಕ್ಕಳ ಸ್ಕೂಲ್ ಬಸ್ ಬರುವ ಹೊತ್ತಾಯಿತು, ಹೊರಟೆ. ಕೊಂಡವರಿಗೆ ಕಳಿಸುವ ಸಂದೇಶ ಬರೆದು ರಾತ್ರಿಯೊಳಗೆ ನನಗೆ ತೋರಿಸು.

ನಿನ್ನ ತಂಗಿ