ಡಬ್ಬಿಯೊಳಗಿನ ಮೂರು ತೂತಿನ ಚೀಟಿ ಇನ್ನು ಇರುವುದಿಲ್ಲ

ಎಲ್ಲ ಗ್ರಾಹಕರಿಗೆ ನಮಸ್ಕಾರ.

ನಮ್ಮ ರೈಫಲ್ ತೋಟಾ (ಕಾರ್ಟ್ರಿಜ್) ಡಬ್ಬಿ ತೆರೆದ ಕೂಡಲೇ ನಿಮ್ಮಲ್ಲಿ ಹೆಚ್ಚಿನವರು ಮೊದಲು ನೋಡುವುದು ಒಳಗಿನ ಗುರಿ ಚೀಟಿಯನ್ನು. 100 ಮೀಟರ್‌ನಿಂದ ಹೊಡೆದ ಮೂರು ತೂತು, ಪಕ್ಕದಲ್ಲಿ ಪೆನ್ನಿನಲ್ಲಿ ಬರೆದ, ಅವು ಎಷ್ಟು ಅಗಲಕ್ಕೆ ಹರಡಿವೆ ಎಂಬ ಅಳತೆ. 9 ಮಿ.ಮೀ., 11 ಮಿ.ಮೀ., ಹೀಗೆ. ಮುಂದಿನ ತಿಂಗಳಿನಿಂದ ಆ ಚೀಟಿ ಇರುವುದಿಲ್ಲ. ತೋಟಾ ತುಂಬಿಸುವ ಕ್ರಮವನ್ನೂ ಬದಲಾಯಿಸಿದ್ದೇವೆ.

ಯಾಕೆ ಅಂತ ಹೇಳಲೇಬೇಕು. ಕೆಲವು ತಿಂಗಳಿಂದ ಒಂದೇ ದೂರು ಬೇರೆ ಬೇರೆ ಮಾತಿನಲ್ಲಿ ಬರುತ್ತಿತ್ತು: "ಹೋದ ಡಬ್ಬಿ ಒಂದೇ ತೂತಿಗೆ ಹೋಗ್ತಿತ್ತು. ಈ ಡಬ್ಬಿ ಚೆಲ್ಲಾಪಿಲ್ಲಿ. ಅದೇ ರೈಫಲ್, ಅದೇ ಕೈ. ನೀವೇನು ಮಾಡಿದ್ರಿ?"

ನಾವು ಮೊದಲು ಸಂಶಯಪಟ್ಟಿದ್ದು ತಕ್ಕಡಿಯನ್ನು. ತೋಟಾದೊಳಗಿನ ಪೌಡರನ್ನು (ಮದ್ದನ್ನು) 0.1 ಗ್ರೇನ್‌ವರೆಗೆ, ಅಂದರೆ ಸುಮಾರು 6.5 ಮಿಲಿಗ್ರಾಂವರೆಗೆ ತೂಗುತ್ತೇವೆ. ತಕ್ಕಡಿ ಸರಿಯಾಗೇ ಇತ್ತು. ಆಮೇಲೆ ವಾಪಸ್ ಬಂದ ಒಂದು ಡಬ್ಬಿಯನ್ನು ಬೆಂಚ್ ಮೇಲಿಟ್ಟು ನಾವೇ ಹೊಡೆದು ನೋಡಿದೆವು. ಮೊದಲ ಮೂರು ಗುಂಡು 24 ಮಿ.ಮೀ. ಅಗಲಕ್ಕೆ ಹರಡಿದವು. ನಂತರದ ಮೂರು 10 ಮಿ.ಮೀ. ಒಳಗೆ ಕೂತವು. ಒಂದೇ ಡಬ್ಬಿ, ಒಂದೇ ಬೆಳಿಗ್ಗೆ!

ಇಲ್ಲಿ ನಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಚೀಟಿಗಾಗಿ ಹೊಡೆದ ಮೂರು ಗುಂಡು ಚೆನ್ನಾಗಿ ಬರದಿದ್ದರೆ ಇನ್ನು ಮೂರು ಹೊಡೆಯುತ್ತಿದ್ದೆವು. ಬ್ಯಾರೆಲ್ ಬಿಸಿಯಾಗಿತ್ತು, ಗಾಳಿ ಬೀಸಿತು ಅಂತ ನಮಗೆ ನಾವೇ ಸಮಾಧಾನ ಹೇಳಿಕೊಂಡು, ಚೆಂದ ಕಂಡ ಹಾಳೆಯನ್ನೇ ಡಬ್ಬಿಗೆ ಹಾಕುತ್ತಿದ್ದೆವು. ಮೋಸ ಮಾಡುವ ಉದ್ದೇಶ ಇರಲಿಲ್ಲ. ಆದರೆ ನಿಮ್ಮ ಕೈಗೆ ಬಂದಿದ್ದು ತೋಟಾದ ಅಳತೆಯಲ್ಲ, ನಮ್ಮ ಅದೃಷ್ಟದ ಅಳತೆ.

ಮೂರು ಗುಂಡಿನ ಗ್ರೂಪ್, ಅಂದರೆ ಹಾಳೆಯ ಮೇಲೆ ತೂತುಗಳ ಹರಡು, ಒಂದರಿಂದ ಇನ್ನೊಂದಕ್ಕೆ ಎರಡು ಪಟ್ಟು ವ್ಯತ್ಯಾಸವಾಗುವುದು ತೀರಾ ಸಾಮಾನ್ಯ. ತೋಟಾದಲ್ಲಿ ಏನೂ ಬದಲಾಗದಿದ್ದರೂ ಹಾಗಾಗುತ್ತದೆ. ಜೊತೆಗೆ, ಗುಂಡು ಜಾಸ್ತಿ ಹೊಡೆದಷ್ಟೂ ಗ್ರೂಪ್ ದೊಡ್ಡದಾಗುತ್ತದೆ. ಅದೇ ತೋಟಾದ ಐದು ಗುಂಡಿನ ಗ್ರೂಪ್, ಮೂರರದ್ದಕ್ಕಿಂತ ಸರಾಸರಿ ಕಾಲು ಭಾಗದಷ್ಟು ಹೆಚ್ಚು ಅಗಲ. ಹತ್ತು ಗುಂಡಿನದ್ದು ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ನಮ್ಮ ಚೀಟಿಯನ್ನೂ ನಿಮ್ಮ ಹತ್ತು ಗುಂಡಿನ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬೇಸರ ಆಗದೆ ಇರುತ್ತದೆಯೇ?

ಹಾಗಂತ ಎಲ್ಲವೂ ಲೆಕ್ಕದ ಆಟವೇ ಅಲ್ಲ. ದೂರಿನ ಇನ್ನೊಂದು ಅರ್ಧ ನಿಜವಾದದ್ದೇ. ಅದು ಹಿತ್ತಾಳೆ ಕೇಸ್‌ಗಳಲ್ಲಿತ್ತು, ಅಂದರೆ ಪೌಡರ್ ಮತ್ತು ಬುಲೆಟ್ ಹಿಡಿದಿಡುವ ತೋಟಾದ ಕವಚಗಳಲ್ಲಿ.

ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ವೇಗ ಬರೆದುಕೊಂಡಾಗ ಅಂಕಿಗಳು ಒಂದು ಕಡೆ ಗುಂಪಾಗಲಿಲ್ಲ. ಎರಡು ಕಡೆ ಗುಂಪಾದವು. ಖಾಲಿ ಕೇಸ್‌ಗಳನ್ನು ಒಂದೊಂದಾಗಿ ತೂಗಿದಾಗಲೂ ಎರಡು ರಾಶಿ ಆಯಿತು. ಬೇರೆ ಬೇರೆ ಲಾಟ್‌ನ (ಒಟ್ಟಿಗೆ ತಯಾರಾದ ಒಂದು ತಂಡದ) ಕೇಸ್‌ಗಳು ಒಂದೇ ತೊಟ್ಟಿಯಲ್ಲಿ ಸೇರಿಹೋಗಿದ್ದವು. ಹೊರಗಿನ ಅಳತೆ ಎರಡಕ್ಕೂ ಒಂದೇ. ಆದರೆ ಗೋಡೆ ದಪ್ಪ ಇದ್ದರೆ ಒಳಗಿನ ಜಾಗ ಕಡಿಮೆ. ಅಷ್ಟೇ ಪೌಡರ್ ಹಾಕಿದರೂ ಒತ್ತಡ ಏರುತ್ತದೆ, ವೇಗವೂ ಏರುತ್ತದೆ. ಇದರ ಜೊತೆಗೆ, ಕೆಲವು ಕೇಸ್ ಒಂದು ಸಲ ಹೊಡೆದದ್ದು, ಕೆಲವು ಐದಾರು ಸಲ. ಹಿತ್ತಾಳೆ ಪ್ರತಿ ಸಲ ಹಿಗ್ಗಿ ಕುಗ್ಗಿ ಗಡುಸಾಗುತ್ತದೆ. ಗಡುಸಾದ ಕೊರಳು ಬುಲೆಟನ್ನು ಹಿಡಿಯುವ ಬಿಗಿಯೇ ಬೇರೆ.

100 ಮೀಟರ್‌ನಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ. .308 ವಿಂಚೆಸ್ಟರ್‌ನಂಥ ತೋಟಾದಲ್ಲಿ ಸೆಕೆಂಡಿಗೆ 10 ಮೀಟರ್ ವೇಗ ಹೆಚ್ಚುಕಮ್ಮಿ ಆದರೆ 100 ಮೀಟರ್‌ನಲ್ಲಿ ಗುಂಡು ಸುಮಾರು 2 ಮಿ.ಮೀ. ಮಾತ್ರ ಮೇಲೆ ಕೆಳಗಾಗುತ್ತದೆ. 300 ಮೀಟರ್‌ನಲ್ಲಿ ಅದೇ ಸುಮಾರು 2 ಸೆಂ.ಮೀ. ಅಲ್ಲಿ ಹತ್ತು ಅಂಕದ ನಡುವಿನ ವೃತ್ತದ ಅಡ್ಡಗಲವೇ 10 ಸೆಂ.ಮೀ. 100 ಮೀಟರ್‌ನವರು ಹೊಗಳಿದ ಲಾಟನ್ನೇ 300 ಮೀಟರ್‌ನವರು ಬೈದದ್ದು ಯಾಕೆ ಅಂತ ಆಗ ಗೊತ್ತಾಯಿತು. ಇಬ್ಬರ ಮಾತೂ ಸರಿಯೇ.

ಇನ್ನು ಮುಂದೆ ಒಟ್ಟಿಗೆ ತುಂಬಿಸುವ ಒಂದು ಕಂತಿಗೆ ಒಂದೇ ಲಾಟ್‌ನ, ಎಲ್ಲವೂ ಸಮಾನ ಸಲ ಹೊಡೆದ ಕೇಸ್. ನೀವು ವಾಪಸ್ ಕಳಿಸುವ ಕೇಸ್‌ಗಳು ನಿಮ್ಮ ಹೆಸರಿನ ಪೆಟ್ಟಿಗೆಯಲ್ಲೇ ಇರುತ್ತವೆ. ಪ್ರತಿ ಸಲ ಕೊರಳನ್ನು ಕಾಯಿಸಿ ಮೆದು ಮಾಡಿದ ಮೇಲೆಯೇ ತುಂಬಿಸುತ್ತೇವೆ. ಎಷ್ಟು ಸಲ ಹೊಡೆದದ್ದು ಅಂತ ಗೊತ್ತಿಲ್ಲದ ಕೇಸ್‌ಗಳನ್ನು ತೆಗೆದುಕೊಳ್ಳುವುದಿಲ್ಲ, ದಯವಿಟ್ಟು ಒತ್ತಾಯ ಮಾಡಬೇಡಿ. ಬುಲೆಟ್ ಕೂರಿಸುವ ಆಳವನ್ನು ತುದಿಯಿಂದ ಅಳೆಯುವುದನ್ನೂ ಬಿಟ್ಟಿದ್ದೇವೆ. ಒಂದೇ ಡಬ್ಬಿಯ ಬುಲೆಟ್‌ಗಳಲ್ಲೂ ತುದಿ ಸ್ವಲ್ಪ ಉದ್ದ ಗಿಡ್ಡ ಇರುತ್ತದೆ. ಅದಕ್ಕೆ ಬುಲೆಟ್‌ನ ಬಾಗು ಬ್ಯಾರೆಲ್‌ನ ಗೀರುಗಳಿಗೆ ಮೊದಲು ತಾಗುವ ಜಾಗದಿಂದ ಅಳೆಯುತ್ತೇವೆ. ಪೌಡರ್‌ನ ಲಾಟ್ ಬದಲಾದರೆ ಹಳೆಯ ತೂಕವನ್ನೇ ಮುಂದುವರಿಸುವುದಿಲ್ಲ. ಕಡಿಮೆಯಿಂದ ಶುರು ಮಾಡಿ ಮತ್ತೆ ಪರೀಕ್ಷಿಸುತ್ತೇವೆ.

ಇದೆಲ್ಲ ಸುಮ್ನೆ ಆಗುವುದಿಲ್ಲ. ಕಂತುಗಳು ಚಿಕ್ಕದಾಗುತ್ತವೆ, ನಿಮಗೆ ತಲುಪುವುದು ತಡವಾಗುತ್ತದೆ. ಸ್ಪರ್ಧೆ ಇದ್ದರೆ ಬೇಗ ಹೇಳಿ, ಇಡೀ ಸ್ಪರ್ಧೆಗೆ ಬೇಕಾದಷ್ಟನ್ನು ಒಂದೇ ಲಾಟ್‌ನಲ್ಲಿ ತೆಗೆದುಕೊಳ್ಳಿ. ಲಾಟ್ ಬದಲಾದಾಗ ರೈಫಲ್‌ನ ಗುರಿ ನೋಡುವ ಸೈಟನ್ನು ಮತ್ತೆ ಹೊಂದಿಸಿಕೊಳ್ಳಿ.

ಹೊಸ ಚೀಟಿಯಲ್ಲಿ ಇಪ್ಪತ್ತು ಗುಂಡು ಇರುತ್ತದೆ. ಹೊಡೆದದ್ದೆಲ್ಲ ಅದರಲ್ಲೇ, ಆರಿಸಿದ್ದು ಒಂದೂ ಇಲ್ಲ. ಸರಾಸರಿ ವೇಗ, ವೇಗದ ಏರಿಳಿತ, ಲಾಟ್ ನಂಬರ್ ಕೂಡ ಇರುತ್ತದೆ. ಅಳತೆ 28 ಮಿ.ಮೀ. ಅಂತ ಕಂಡರೆ ಗಾಬರಿ ಆಗಬೇಡಿ. ಹಳೆಯ 10 ಮಿ.ಮೀ. ಚೀಟಿಯ ತೋಟಾಗಿಂತ ಇದು ಕಡೆಯೇನಲ್ಲ. ಹಳೆಯ ಚೀಟಿಗಳನ್ನು ಗೋಡೆಗೆ ಅಂಟಿಸಿಕೊಂಡವರೂ ಇದ್ದೀರಿ, ನಮಗೆ ಗೊತ್ತು. ಇರಲಿ ಬಿಡಿ, ನೋಡಲು ಚೆಂದವೇ.

ನಿಮ್ಮ ಬಳಿ ತೆರೆಯದ ಹಳೆಯ ಡಬ್ಬಿ ಇದ್ದರೆ ಬದಲಾಯಿಸಿ ಕೊಡುತ್ತೇವೆ. ತೆರೆದದ್ದನ್ನು ಅಭ್ಯಾಸಕ್ಕೆ ಬಳಸಿ, ಹೊಸದರ ಜೊತೆ ಬೆರೆಸಬೇಡಿ. ದೂರು ಇದ್ದರೆ ಲಾಟ್ ನಂಬರ್ ಬರೆದು ಗುರಿ ಹಾಳೆಯನ್ನೂ ಕಳಿಸಿ. ಹಾಳೆಯನ್ನು ಕತ್ತರಿಸಬೇಡಿ. "ಇದೊಂದು ನನ್ನದೇ ತಪ್ಪು" ಅಂತ ನೀವು ಬಿಟ್ಟುಬಿಡುವ ಆ ಹೊರಗಿನ ತೂತೂ ನಮಗೆ ಬೇಕು.

ನಿಮ್ಮ ವಿಶ್ವಾಸಿಗಳು,
ತೋಟಾ ತುಂಬಿಸುವ ಕೊಠಡಿಯಿಂದ