ಮೀನು ಒಣಗಿಸುವ ಮರಳಿಗೆ ಪಹಣಿ ಎಲ್ಲಿಂದ?

ಮಾನ್ಯರೇ,

ಗೋಕರ್ಣ, ಕಾರವಾರದ ದಂಡೆಯಲ್ಲಿ ಹೋಂಸ್ಟೇಗಳು ಏಳುತ್ತಿರುವುದು ಖಾರ್ವಿ, ಹರಿಕಂತ್ರ, ಅಂಬಿಗ ಎಂಬ ಮೀನುಗಾರ ಜಾತಿಗಳ ಕೇರಿಗಳ ಮಗ್ಗುಲಲ್ಲೇ. ಅಮೆರಿಕದಲ್ಲಿ 1930ರ ದಶಕದಲ್ಲಿ ಕಪ್ಪು ಜನರ ಬಡಾವಣೆಗಳಿಗೆ ನಕ್ಷೆಯಲ್ಲಿ ಕೆಂಪು ಬಳಿದು ಸಾಲ ತಪ್ಪಿಸಿದರು. ಇಲ್ಲಿ ಮೀನು ಒಣಗಿಸುವವರನ್ನು ದಂಡೆಯಿಂದ ಸರಿಸಲು ಬಣ್ಣವೂ ಬೇಡ, ‘ಮೀನಿನ ವಾಸನೆ’ ಎಂಬ ದೂರು ಸಾಕು. ಯಾರ ಜಾತಿಯ ಮೇಲಿನ ದೂರು ಅದು ಅಂತ ಯಾರೂ ಕೇಳುವುದಿಲ್ಲ.

ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗಾದರೆ ಸಕ್ರಮಕ್ಕೆ ಭೂ ಕಂದಾಯ ಕಾಯ್ದೆಯ 94ಸಿ ಕಲಮು ಇದೆ. ತಾರ್ಲೆ ಮೀನು, ಸೆಟ್ಲಿ (ಸಿಗಡಿ) ಹರವುವ ಮರಳಿಗೆ, ರಂಪಣಿ ಬಲೆ ಎಳೆಯುವ ದಂಡೆಗೆ ಅದೂ ಇಲ್ಲ. ಪಡುವಣಕ್ಕೆ ಎರಡು ಮಹಡಿ ಎದ್ದರೆ ಮಧ್ಯಾಹ್ನದ ಬಿಸಿಲು, ಕಡಲಗಾಳಿ ಎರಡೂ ತಪ್ಪುತ್ತವೆ. ಮೀನು ಒಳಗೆ ಹಸಿಯುಳಿದು ಹುಳ ಬೀಳುತ್ತದೆ.

2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಸ್ಥಳೀಯರಿಗೆ ಹೋಂಸ್ಟೇ ನಡೆಸಲು ಬಿಡುತ್ತದೆ, ಆದರೆ ಇದ್ದ ಮನೆಯ ತಳಪಾಯದ ಅಳತೆ, ವಿನ್ಯಾಸ, ಮುಂಭಾಗ ಬದಲಿಸುವಂತಿಲ್ಲ. ಪಂಚಾಯಿತಿಯವರು ಪರವಾನಗಿ ಕೊಡುವಾಗ ಹಳೆಯ ಅಳತೆಯ ಜೊತೆ ಗುತ್ತಿಗೆ ಕರಾರನ್ನೂ ಕೇಳಲಿ. ಹೆಸರು ಕೇರಿಯವರದ್ದು, ಗಲ್ಲಾ ಹೊರಗಿನವರದ್ದು ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಮೀನು ಒಣಗಿಸುವ ಜಾಗವನ್ನು ಕರಾವಳಿ ವಲಯ ನಕ್ಷೆಯಲ್ಲಿ ಗುರುತಿಸಬೇಕೆಂದೂ ಅದೇ ಅಧಿಸೂಚನೆ ಹೇಳುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಸರ್ವೆ ನಂಬರ್, ಅಳತೆ ಸಹಿತ ಠರಾವು ಬರೆಸಿ, ಪ್ರತಿಯನ್ನು ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

– ಓದುಗರು, ಅಂಕೋಲಾ