ಸೊಪ್ಪು ಮಾರುವವರ ಮನೆಗೆ ಜಿಎಸ್‌ಟಿ ಹಣೆಪಟ್ಟಿ

ಮಾನ್ಯ ಸಂಪಾದಕರೇ,

ಗೃಹಲಕ್ಷ್ಮಿ ಹಣಕ್ಕಾಗಿ ಹಳೆ ಬಸ್ ನಿಲ್ದಾಣದ ಹಿಂದಿನ ಕಚೇರಿಯ ಮುಂದೆ ಹೆಂಗಸರು ಬಿಸಿಲಲ್ಲಿ ನಿಂತ ಸುದ್ದಿಯನ್ನು ಮಂಗಳವಾರ ಪ್ರಕಟಿಸಿದ್ದೀರಿ. ಆ ಸಾಲಿನಲ್ಲಿ ನಾನೂ ಇದ್ದೆ. ಒಳಗೆ ಏನಾಯಿತು ಎಂಬುದು ನಿಮ್ಮ ವರದಿಯಲ್ಲಿ ಬರಲಿಲ್ಲ.

ಎರಡು ಮನೆಯ ಪಾತ್ರೆ ಕೆಲಸ ಬಿಟ್ಟು ಬೆಳಿಗ್ಗೆ ಒಂಬತ್ತಕ್ಕೇ ಹೋಗಿದ್ದೆ. ಹನ್ನೊಂದೂವರೆಯವರೆಗೆ ಸರ್ವರ್ ಇಲ್ಲ. ಆಮೇಲೆ ನನ್ನ ಹೆಬ್ಬೆಟ್ಟು ಯಂತ್ರಕ್ಕೆ ಹತ್ತಲಿಲ್ಲ. ಪಾತ್ರೆಯ ಸೋಪಿಗೆ ಬೆರಳಿನ ಗೆರೆಗಳೇ ಸವೆದಿವೆ; ಸೆರಗಿಗೆ ಒರೆಸಿ ಒರೆಸಿ ಐದು ಸಲ ಒತ್ತಿದೆ. ‘ಕೈ ತೊಳೆದುಕೊಂಡು ಬರಬಾರದೇನಮ್ಮಾ’ ಎಂದರು. ದಿನವಿಡೀ ನೀರಿನಲ್ಲೇ ಇರುವ ಕೈ ಸ್ವಾಮಿ ಇದು!

ಮಧ್ಯಾಹ್ನ ಮೂರಕ್ಕೆ ಸಿಕ್ಕ ಉತ್ತರ: ‘ನಿಮ್ಮ ಯಜಮಾನರು ಜಿಎಸ್‌ಟಿ ಕಟ್ಟುವವರು, ನಿಮಗೆ ಹಣ ಬರುವುದಿಲ್ಲ.’ ನಮ್ಮ ಯಜಮಾನರು ತಳ್ಳುಗಾಡಿಯಲ್ಲಿ ಸೊಪ್ಪು ಮಾರುತ್ತಾರೆ. ಮೆಂತ್ಯ, ದಂಟು, ಸಬ್ಬಸಿಗೆಗೆ ಜಿಎಸ್‌ಟಿಯೇ ಇಲ್ಲ ಎಂಬುದು ಸರ್ಕಾರಕ್ಕೆ ತಿಳಿಯದೇ? 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಯೋಜನೆ ಶುರುವಾದ ಮೇಲೆ ವರ್ಷಕ್ಕೂ ಹೆಚ್ಚು ಕಾಲ ಇದೇ ಹೆಸರಿಗೆ, ಇದೇ ಖಾತೆಗೆ ತಿಂಗಳಿಗೆ ₹2,000 ಬಂದಿದೆ. ಆಗ ಇಲ್ಲದ ತೆರಿಗೆ ಈಗ ಎಲ್ಲಿಂದ ಹುಟ್ಟಿತು? ತೆರಿಗೆ ಕಟ್ಟುವುದಿಲ್ಲವೆಂದು ವಾಣಿಜ್ಯ ತೆರಿಗೆ ಕಚೇರಿಯಿಂದ ನಾವೇ ಪತ್ರ ತರಬೇಕಂತೆ.

ಬಿಟ್ಟಿ ದುಡ್ಡಿನಿಂದ ಜನ ಸೋಮಾರಿಗಳಾಗುತ್ತಾರೆ ಎನ್ನುವವರು ನಮ್ಮ ಮನೆಗೆ ಬಂದು ನೋಡಲಿ. ಆ ಹಣದಲ್ಲಿ ಸಿಲಿಂಡರ್, ಅತ್ತೆಯ ಬಿಪಿ ಮಾತ್ರೆ, ಮಗಳ ಪಿಯುಸಿ ಶುಲ್ಕ ನಡೆಯುತ್ತಿತ್ತು. ಬಡ್ಡಿಯವರ ಮುಂದೆ ಕೈಯೊಡ್ಡುವುದು ನಿಂತಿತ್ತು. ಹಣ ನಿಂತ ಈ ನಾಲ್ಕು ತಿಂಗಳಿಂದ ಅದು ಮತ್ತೆ ಶುರುವಾಗಿದೆ. ಹಣ ಬರುತ್ತಿದ್ದಾಗಲೂ ತಾರೀಖು ಗೊತ್ತಿರಲಿಲ್ಲ. ಅದನ್ನು ನಂಬಿ ಒಂದು ಚೀಟಿ ಹಾಕುವಂತಿರಲಿಲ್ಲ.

ಅತ್ತೆಯ ವೃದ್ಧಾಪ್ಯ ಪಿಂಚಣಿ, ಸಂಧ್ಯಾ ಸುರಕ್ಷಾದ ₹1,200 ಕೂಡ ಹೋದ ವರ್ಷ ಹೀಗೆಯೇ ನಿಂತಿತ್ತು. ಬದುಕಿದ್ದಾರೆ ಎಂದು ತೋರಿಸಲು 72 ವರ್ಷದವರನ್ನು ಆಟೊದಲ್ಲಿ ಕೂರಿಸಿಕೊಂಡು ಮೂರು ಸಲ ಅಲೆದೆವು. ಕಣ್ಣೆದುರು ಕುಳಿತವರನ್ನು ನೋಡಿಯೂ ದಾಖಲೆ ಕೇಳಿದರು. ಪಡಿತರ ಚೀಟಿಯಲ್ಲಿ ಮಗಳ ಹೆಸರು ಸೇರಲು ಎರಡು ವರ್ಷ ಹಿಡಿಯಿತು. ಚುನಾವಣೆಯ ಮತದಾರರ ಚೀಟಿ ಮಾತ್ರ ಮನೆ ಬಾಗಿಲಿಗೇ ಬರುತ್ತದೆ.

ನನ್ನ ನಾಲ್ಕು ತಿಂಗಳ ಹಣ ಹಾಕಲಿ, ಇಲ್ಲವೇ ಕೊಡುವುದಿಲ್ಲವೆಂದು ಸಹಿ ಮಾಡಿ ಬರೆದುಕೊಡಲಿ. ಮೇಲಿನವರು ಆ ಕಚೇರಿಯವರಿಗೆ ಬುದ್ಧಿ ಹೇಳಲಿ, ಹೊರಗೆ ಒಂದು ಬೆಂಚನ್ನಾದರೂ ಹಾಕಿಸಲಿ. ನಿಂತ ಹೆಂಗಸರನ್ನು ಭಿಕ್ಷೆಗೆ ಬಂದವರಂತೆ ಗದರಲು ಇವರಿಗೆ ನಾಚಿಕೆಯಾಗುವುದಿಲ್ಲವೇ?

– ನೊಂದ ಫಲಾನುಭವಿ